ಬೀಗದವನ ಮನೆಯ ಕ್ರಿಸ್‌ಮಸ್

"ಆ ಬೀಗ ಮುಟ್ಟಿದ್ರೆ ನೋಡಿ, ಇವತ್ತು ನಾನು ಮನುಷ್ಯಳಾಗಿರಲ್ಲ!"

"ನೀನು ಮನುಷ್ಯಳಾಗಿದ್ದಿದ್ರೆ ನನ್ನ ಚೀಲವನ್ನ ಬೀರುವಿನಲ್ಲಿಟ್ಟು ಬೀಗ ಜಡೀತಿದ್ಯೇನೇ? ಅದೂ ನಮ್ಮ ಅಂಗಡಿ ಬೀಗಾನೇ!"

"ಹೌದು, ಜಡಿದಿದೀನಿ. ಕೀಲಿ ಎಲ್ಲಿದೆ ಅಂತ ಸತ್ರೂ ಹೇಳಲ್ಲ."

"ಕೀಲಿ ಯಾವನಿಗೆ ಬೇಕು?" ಎಂದವನೇ ಬೀಗ ರಿಪೇರಿಯವನು ಹೆಂಡತಿಯ ಮುಡಿಗೆ ಕೈಹಾಕಿ ಹೇರ್‌ಪಿನ್ನೊಂದನ್ನು ಕಿತ್ತುಕೊಂಡ.

ಕ್ರಿಸ್‌ಮಸ್ ದಿನ, ಸಂಜೆ ನಾಲ್ಕು ಗಂಟೆ. ಮೂರನೆಯ ಮಹಡಿಯ ಎರಡು ಕೋಣೆಯ ಮನೆ. ಮೇಜಿನ ಮೇಲೆ ಕೇಕು, ಕೇಕಿನ ಪಕ್ಕದಲ್ಲಿ ಇನ್ನೂ ಹಚ್ಚದ ದಪ್ಪ ಮೇಣದಬತ್ತಿ. ಮಂಚದ ತುದಿಯಲ್ಲಿ ಎರಡು ಮಕ್ಕಳು ಸರ್ಕಸ್ಸಿಗೆ ಬಂದವರ ಹಾಗೆ ಕಾಲು ತೂಗಾಡಿಸುತ್ತ ಕೂತಿದ್ದವು. ದೊಡ್ಡದು ಏಳು ವರ್ಷದ ಹುಡುಗಿ. ಗಾತ್ರ ಚಿಕ್ಕದು, ಬಾಯಿ ಖಾರ, ಹಾಗಾಗಿ ಮನೆಯಲ್ಲಿ ಅವಳ ಹೆಸರು ಮೆಣಸು. ಚಿಕ್ಕವನಿಗೆ ನಾಲ್ಕು. ಎರಡು ವರ್ಷದ ತನಕ ತಲೆಯಲ್ಲಿ ಒಂದು ಕೂದಲೂ ಹುಟ್ಟದಿದ್ದ ಕಾರಣ ಅವನು ಮೊಟ್ಟೆ. ಈಗ ಕಾಡಿನಂಥ ಕೂದಲು ಬಂದಿದೆ, ಹೆಸರು ಮಾತ್ರ ಹೋಗಿಲ್ಲ.

ನಾಲ್ವರ ಮೈಮೇಲೂ ಒಂದೇ ಬಟ್ಟೆ: ಹಳದಿ ಚೌಕಳಿಯ ಅಂಗಿ, ಹಳದಿ ಚೌಕಳಿಯ ಪಾಯಿಜಾಮ. ಹೆಂಡತಿ ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಉಳಿದ ಬಟ್ಟೆಯಲ್ಲಿ ಮನೆಮಂದಿಗೆಲ್ಲ ಹೊಲಿದಿದ್ದಳು, ಮಿಕ್ಕದ್ದನ್ನು ಕಿಟಕಿಗೆ ಹಾಕಿದ್ದಳು. ಕಿಟಕಿಯ ಪಕ್ಕ ನಿಂತರೆ ಯಾವುದು ಪರದೆ, ಯಾವನು ಯಜಮಾನ ಎಂದು ಹೇಳುವುದು ಕಷ್ಟವಿತ್ತು.

ಈ ಬಟ್ಟೆಯಿಂದಲೇ ಬೆಳಿಗ್ಗೆಯಿಂದ ಅವನ ಮೈ ಉರಿಯುತ್ತಿತ್ತು. ಬಟ್ಟೆ ಒಂದೇ ಅಲ್ಲ. ಅವಳ ಹತ್ತಿರ ಒಂದು ನೋಟ್‌ಬುಕ್ ಇತ್ತು. ಪರದೆಯ ಅಳತೆ ತೆಗೆಯಲು ಅವರಿವರ ಮನೆಗೆ ಹೋದಾಗಲೆಲ್ಲ ಕಂಡದ್ದು, ಕೇಳಿದ್ದು ಅದರೊಳಗೆ ಸೇರುತ್ತಿತ್ತು. ಕಾಗದದ ನಕ್ಷತ್ರವನ್ನು ಮನೆಯ ಚಿಕ್ಕ ಮಗುವೇ ಕಟ್ಟಬೇಕು. ಒಬ್ಬೊಬ್ಬರೂ ಈ ವರ್ಷ ತಮಗೆ ಸಂತೋಷ ಕೊಟ್ಟ ಒಂದು ಸಂಗತಿ ಹೇಳಬೇಕು. ಎಲ್ಲರೂ ಒಂದೇ ಬಟ್ಟೆ ಹಾಕಿ ಫೋಟೋ ತೆಗೆಸಿಕೊಳ್ಳಬೇಕು. ಕೊನೆಗೆ ನಾಲ್ಕೂ ಜನ ಒಟ್ಟಿಗೆ ಊದಿ ಮೇಣದಬತ್ತಿ ಆರಿಸಬೇಕು, ಆಮೇಲೆ ಕೇಕು. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಳು.

"ನಮ್ಮಪ್ಪನ ಮನೇಲಿ ಇಂಥದ್ದೇನೂ ಇರ್ಲಿಲ್ಲ, ನಾವು ಬೆಳೀಲಿಲ್ವಾ?" ಎಂದು ಅವನು ಮೊದಲ ವರ್ಷವೇ ಕೇಳಿದ್ದ.

"ಬೆಳೆದಿದ್ದು ಕಾಣ್ತಿದೆಯಲ್ಲ," ಎಂದಿದ್ದಳು ಅವಳು. ಆಮೇಲೆ ದನಿ ತಗ್ಗಿಸಿ, "ನಮ್ಮನೇಲೂ ಇರ್ಲಿಲ್ಲ ಕಣ್ರೀ. ಅದಕ್ಕೇ. ನಾಳೆ ದೊಡ್ಡವರಾದ ಮೇಲೆ 'ನಮ್ಮನೇಲಿ ಪ್ರತಿ ವರ್ಷ ಹೀಗೆ ಮಾಡ್ತಿದ್ವಿ' ಅನ್ನೋಕೆ ನನ್ನ ಮಕ್ಕಳಿಗೆ ಒಂದಾದ್ರೂ ಇರ್ಲಿ," ಎಂದಿದ್ದಳು.

ಆ ಮೊದಲ ವರ್ಷ ಮೇಣದಬತ್ತಿ ಹಚ್ಚುವ ಹೊತ್ತಿಗೆ ಔಷಧಿ ಅಂಗಡಿಯವನ ಷಟರ್ ಸಿಕ್ಕಿಹಾಕಿಕೊಂಡಿತು. ಹತ್ತು ನಿಮಿಷ ಎಂದು ಹೋದವನು ಕತ್ತಲಾದ ಮೇಲೆ ಬಂದ. ಹೋದ ವರ್ಷ ಒಬ್ಬ ಹೆಡ್‌ಮಿಸ್ಟ್ರೆಸ್ಸು ತಮ್ಮದೇ ಬಚ್ಚಲುಮನೆಯೊಳಗೆ ಸಿಕ್ಕಿಕೊಂಡು ಅಲ್ಲಿಂದಲೇ ಫೋನ್ ಮಾಡಿದರು. ಅವರನ್ನು ಬಿಡಿಸಿ, ಅವರ ಮನೆಯ ಉಳಿದ ಮೂರು ಚಿಲಕಕ್ಕೂ ಎಣ್ಣೆ ಬಿಟ್ಟು ಬರುವಾಗ ಮೂರು ತಾಸು ಕಳೆದಿತ್ತು. ಜನ ಕೀಲಿ ಕಳೆದುಕೊಳ್ಳುವುದೇ ರಜಾದಿನದಲ್ಲಿ. ಅದಕ್ಕೆ ಅವನೇನು ಮಾಡಬೇಕು?

ಇದು ಅವನು ಬಾಯಲ್ಲಿ ಹೇಳುತ್ತಿದ್ದ ಕಾರಣ. ಬಾಯಲ್ಲಿ ಹೇಳದ ಕಾರಣವೂ ಒಂದಿತ್ತು. ಮುಚ್ಚಿದ ಬಾಗಿಲ ಮುಂದೆ ದಿಕ್ಕುಗೆಟ್ಟು ನಿಂತ ಜನ ಅವನು ಮೆಟ್ಟಿಲು ಹತ್ತಿ ಬರುವುದನ್ನು ನೋಡಿ ಮುಖ ಅರಳಿಸುತ್ತಿದ್ದರು. "ಬಂದ್ರಲ್ಲ, ದೇವರು ಬಂದ ಹಾಗಾಯ್ತು," ಎನ್ನುತ್ತಿದ್ದರು. ಮನೆಯಲ್ಲಿ ಅವನು ನಕ್ಷತ್ರವನ್ನು ಸೊಟ್ಟಗೆ ಹಿಡಿಯುವ ಮನುಷ್ಯ. ಊರವರ ಬಾಗಿಲಲ್ಲಿ ದೇವರು. ಯಾರಿಗೆ ಯಾವುದು ಬೇಕಾಗುತ್ತದೆ?

ಈ ಸಲ ಮಾತು ಕೊಟ್ಟಿದ್ದ. ಫೋನ್ ಆರಿಸಿಡುತ್ತೇನೆ, ಬತ್ತಿ ಊದುವ ತನಕ ಮಹಾರಾಜ ಕರೆದರೂ ಹೋಗುವುದಿಲ್ಲ ಎಂದಿದ್ದ. ಅವಳು ನಂಬಿದಳು. ನಂಬಿದರೂ ಇರಲಿ ಎಂದು ಚೀಲ ಬೀರುವಿನೊಳಗಿಟ್ಟು ಬೀಗ ಹಾಕಿದಳು. ಆದರೆ ಪಾಯಿಜಾಮಕ್ಕೆ ಜೇಬು ಇಟ್ಟಿದ್ದು ಅವಳ ತಪ್ಪು. ಜೇಬಿನಲ್ಲಿ ಫೋನು ಗುಂಯ್ ಎಂದಿತು. ಕಾರಿನವನೊಬ್ಬ ಕೀಲಿಯನ್ನು ಕಾರೊಳಗೇ ಬಿಟ್ಟು ಬಾಗಿಲು ಹಾಕಿಕೊಂಡಿದ್ದ.

"ಕಾರೊಳಗೆ ಮಕ್ಕಳಿದಾವಾ?" ಎಂದು ಅವಳು ಕೇಳಿದ್ದಳು.

"ಇಲ್ಲ. ಕೇಕ್ ಇದೆಯಂತೆ."

"ಕೇಕು!"

"ಪಾಪ, ಅವನ ಮಕ್ಕಳು ಕಾಯ್ತಿರಲ್ವಾ? ಅವಕ್ಕೂ ಹಬ್ಬ ಆಗ್ಬೇಡ್ವಾ?"

ಅಲ್ಲಿಂದ ಶುರುವಾದದ್ದು ಈಗ ಹೇರ್‌ಪಿನ್ನಿನವರೆಗೆ ಬಂದಿತ್ತು. ಅವನು ಪಿನ್ನನ್ನು ಹಲ್ಲಲ್ಲಿ ಕಚ್ಚಿ ಬಗ್ಗಿಸಿ, ಬೀಗದ ಬಾಯಿಗೆ ತೂರಿಸಿ, ಒಂದು ಸಲ ಎಡಕ್ಕೆ, ಒಂದು ಸಲ ಮೇಲಕ್ಕೆ ಒತ್ತಿದ. ಕಟಕ್. ಬೀಗ ಕೈಗೆ ಬಂತು. ಮಕ್ಕಳು ಚಪ್ಪಾಳೆ ತಟ್ಟಿದವು.

"ನೋಡ್ದೇನೇ?" ಎಂದ ಅವನು. ಕೋಪದ ನಡುವೆಯೂ ಹೆಮ್ಮೆ ತಡೆಯಲಾಗಲಿಲ್ಲ. "ನನಗೆ ಬೀಗ ಹಾಕೋಳು ಇನ್ನೂ ಹುಟ್ಟಿಲ್ಲ."

ಅವಳು ಕೈಗೆ ಸಿಕ್ಕಿದ ದಿಂಬು ಎತ್ತಿ ಬೀಸಿದಳು. ಅದು ಅವನ ಕಿವಿ ಸವರಿ ಗೋಡೆಗೆ ಬಡಿಯಿತು.

"ಐದು!" ಎಂದು ಕೂಗಿದ ಮೊಟ್ಟೆ.

"ಅಲ್ವೋ, ಇನ್ನೂ ನಾಲ್ಕೇ ಆಗಿಲ್ಲ," ಎಂದಳು ಮೆಣಸು. "ಅಮ್ಮ ಈ ಸಲ ಬೇಗ ಎಸೆದುಬಿಟ್ಳು."

ಗಂಡಹೆಂಡಿರಿಬ್ಬರೂ ಒಟ್ಟಿಗೆ ತಿರುಗಿದರು. "ಏನೇ ಅದು ಲೆಕ್ಕ?"

"ಸ್ಕೂಲಲ್ಲಿ ಬರೆದಿದ್ದು." ಮೆಣಸು ದಿಂಬಿನ ಕೆಳಗಿಂದ ಒಂದು ಹಾಳೆ ತೆಗೆದಳು. "'ನಮ್ಮ ಮನೆಯಲ್ಲಿ ಪ್ರತಿ ವರ್ಷ ಕ್ರಿಸ್‌ಮಸ್ ಹೇಗೆ ಆಚರಿಸುತ್ತೇವೆ' ಅಂತ ಬರೀಬೇಕಿತ್ತು. ಟೀಚರ್ ನಂದೇ ಜೋರಾಗಿ ಓದಿಸಿದ್ರು. ಎಲ್ಲರೂ ನಕ್ಕರು." ಎದ್ದು ನಿಂತು, ತರಗತಿಯಲ್ಲಿ ಓದುವ ರಾಗದಲ್ಲಿ ಓದಿದಳು: "ಒಂದು, ನಾವೆಲ್ಲರೂ ಒಂದೇ ಬಟ್ಟೆ ಹಾಕಿಕೊಳ್ಳುತ್ತೇವೆ. ಎರಡು, ತಮ್ಮ ನಕ್ಷತ್ರ ಕಟ್ಟುತ್ತಾನೆ. ಮೂರು, ಅಪ್ಪನಿಗೆ ಫೋನ್ ಬರುತ್ತದೆ. ನಾಲ್ಕು, ಅಪ್ಪ 'ಹತ್ತೇ ನಿಮಿಷ' ಎನ್ನುತ್ತಾರೆ. ಐದು, ಅಮ್ಮ ಏನಾದರೂ ಎಸೆಯುತ್ತಾರೆ. ಆರು, ಅಪ್ಪ ಹೋಗುತ್ತಾರೆ. ಏಳು, ನಾವು ಮೂರು ಜನ ಬತ್ತಿ ಊದುತ್ತೇವೆ. ಎಂಟು, ಅಮ್ಮ 'ಮುಂದಿನ ವರ್ಷ ನೋಡೋಣ' ಎನ್ನುತ್ತಾರೆ. ನಮ್ಮ ಹಬ್ಬ ನನಗೆ ತುಂಬಾ ಇಷ್ಟ."

ಕೆಳಗೆ ಚಿತ್ರವೂ ಇತ್ತು. ಬಾಯಿ ತೆರೆದ ಅಮ್ಮ. ಬಾಗಿಲಲ್ಲಿ ಬೆನ್ನು ಹಾಕಿ ನಿಂತ ಅಪ್ಪ. ಅಪ್ಪನಿಗೆ ಮುಖ ಬರೆದಿರಲಿಲ್ಲ. ಚೀಲ ಮಾತ್ರ ಚೆನ್ನಾಗಿ ಬರೆದಿದ್ದಳು, ಅದರ ಮುರಿದ ಬಕಲ್ ಸಮೇತ.

"ಇಂಥದ್ದನ್ನೆಲ್ಲ ಹೊರಗೆ ಬರೀತಾರೇನೇ? ಮಾನ ಹರಾಜು ಹಾಕ್ದೆಯಲ್ಲ!" ಎಂದು ಅವನು ರೇಗಿದ.

"ಅವಳ ಮೇಲೆ ಯಾಕೆ ರೇಗ್ತೀರಿ? ಇದ್ದಿದ್ದನ್ನ ಇದ್ದ ಹಾಗೆ ಬರೆದಿದಾಳೆ." ಹೆಂಡತಿ ಕುರ್ಚಿಯಲ್ಲಿ ಕುಸಿದು ಕೂತಿದ್ದಳು. "ನಾನು ನೋಟ್‌ಬುಕ್ಕು ತುಂಬಿಸಿದ್ದೇ ಬಂತು. ಪದ್ಧತಿ ನೀವು ಹಾಕಿಕೊಟ್ರಿ. ಮಕ್ಕಳು ಕಲಿತೂ ಬಿಟ್ಟವು."

ಅವನು ಬೀಗವನ್ನು ಅಂಗೈಯಲ್ಲಿ ಹೊರಳಿಸಿದ, ತಲೆ ಕೆರೆದುಕೊಂಡ. "ಆಯ್ತು ಮಾರಾಯ್ತಿ, ಹೋಗಲ್ಲ ಬಿಡು. ಬೆಂಕಿಪೊಟ್ಟಣ ಕೊಡು, ಬತ್ತಿ ಹಚ್ಚೋಣ."

ಅವಳು ತಲೆಯೆತ್ತಿ ನೋಡಿದಳು. ಎದ್ದು ಬೆಂಕಿಪೊಟ್ಟಣ ತಂದಳು. ಬತ್ತಿ ಹಚ್ಚಿದಳು. ಮಕ್ಕಳು ಮಂಚದಿಂದ ಇಳಿದು ಮೇಜಿಗೆ ಗದ್ದ ಊರಿ ನಿಂತವು. ನಾಲ್ಕು ಹಳದಿ ಚೌಕಳಿ ಒಂದೇ ಮೇಜಿನ ಸುತ್ತ. ಇನ್ನು ಒಬ್ಬೊಬ್ಬರೂ ಒಂದು ಸಂತೋಷ ಹೇಳಿ ಊದುವುದಷ್ಟೇ ಬಾಕಿ.

ಜೇಬು ಗುಂಯ್ ಎಂದಿತು. ಮತ್ತೆ ಆ ಕಾರಿನವನೇ.

ಅವನು ನಿಜವಾಗಿಯೂ ತೆಗೆಯಬೇಕೆಂದಿರಲಿಲ್ಲ. ಕೈ ತಾನಾಗಿ ಹೋಯಿತು. "ಹಾ ಸಾರ್... ಇಲ್ಲ ಸಾರ್... ಚೌಕದ ಹತ್ತಿರಾನಾ? ಹಾಗಾದ್ರೆ ಪಕ್ಕದಲ್ಲೇ." ಇನ್ನೊಂದು ಕೈ ಬೀರುವಿನಿಂದ ಚೀಲ ಎಳೆದು ಹೆಗಲಿಗೇರಿಸಿತ್ತು. ಹೆಂಡತಿಯ ಕಡೆ ನೋಡದೆ ಅಂದ: "ಹತ್ತೇ ನಿಮಿಷ ಕಣೇ. ಪಕ್ಕದ ಬೀದಿ."

"ನಾಲ್ಕು!" ಎಂದು ಮಕ್ಕಳಿಬ್ಬರೂ ಕುಣಿದವು. ಮೊಟ್ಟೆ ಓಡಿಹೋಗಿ ಇನ್ನೊಂದು ದಿಂಬು ತಂದು ಅಮ್ಮನ ಕೈಗೆ ಕೊಟ್ಟ.

ಅವಳು ದಿಂಬನ್ನು ಇಸಕೊಂಡು ಮಂಚದ ಮೇಲೆ ಮೆಲ್ಲನೆ ಇಟ್ಟಳು. ಗಂಡನ ಹತ್ತಿರ ಬಂದಳು. "ಕೊಡಿ ಇಲ್ಲಿ," ಎಂದು ಅವನ ಹೆಗಲಿಂದ ಚೀಲ ಇಳಿಸಿಕೊಂಡಳು. ಅವಳು ಚೀಲ ಮೇಜಿನ ಮೇಲಿಡುತ್ತಾಳೆ, ಇನ್ನೊಂದು ಸುತ್ತು ಬೈಯುತ್ತಾಳೆ ಎಂದುಕೊಂಡು ಅವನು ಸುಮ್ಮನೆ ಕೊಟ್ಟ. ಅವಳು ಅದನ್ನು ತನ್ನ ಹೆಗಲಿಗೇ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು.

"ಎಲ್ಲಿಗೇ?"

"ಹತ್ತೇ ನಿಮಿಷ," ಎಂದಳು.

"ಏಯ್, ಚೀಲ ಕೊಟ್ಟು ಹೋಗೇ! ಆ ಬಟ್ಟೇಲಿ ಬೀದಿಗೆ ಹೋಗ್ತೀಯಾ?"

"ನೀವು ಹೊರಟಿದ್ದು ಇದೇ ಬಟ್ಟೇಲಲ್ವಾ?"

ಬಾಗಿಲು ಹಾಕಿಕೊಂಡಿತು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಇಳಿಯುತ್ತಾ ಹೋಯಿತು; ಎಡಗಾಲಿನದು ಸ್ವಲ್ಪ ಜೋರು, ಭಾರ ಆ ಕಡೆಗಿತ್ತು.

"ಇದು ಎಷ್ಟನೇದು?" ಎಂದು ಕೇಳಿದ ಮೊಟ್ಟೆ.

ಮೆಣಸು ಹಾಳೆಯ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಹುಡುಕಿದಳು. "ಇದು ಇಲ್ಲ," ಎಂದಳು.

ಹಿಂದೆಯೇ ಓಡೋಣವೆಂದು ಅವನು ಬಾಗಿಲ ತನಕ ಹೋದ. ಮೊಟ್ಟೆ ಅಷ್ಟರಲ್ಲಿ ಬತ್ತಿಯ ಹತ್ತಿರ ಕೈ ಚಾಚುತ್ತಿದ್ದ. ತಿರುಗಿ ಬಂದು ಕೈ ಎಳೆದ. ಎಳೆದದ್ದು ಜೋರಾಯಿತು, ಹುಡುಗ ಅತ್ತ. ಸಮಾಧಾನ ಮಾಡುವಷ್ಟರಲ್ಲಿ ಕಿಟಕಿಯ ಮೇಲೆ ಕಟ್ಟಿದ್ದ ನಕ್ಷತ್ರ ಒಂದು ಕಡೆ ಕಳಚಿ ತಲೆಕೆಳಗಾಗಿ ನೇತಾಡಿತು. ಅದನ್ನು ಕಟ್ಟಲು ಕುರ್ಚಿ ಹತ್ತಿದರೆ, "ಅಪ್ಪ, ಅದು ಚಿಕ್ಕವರೇ ಕಟ್ಟಬೇಕು," ಎಂದು ಮೆಣಸು ತಡೆದಳು. ಮೊಟ್ಟೆಯನ್ನು ಹೆಗಲ ಮೇಲೆ ಹೊತ್ತು ಕುರ್ಚಿ ಹತ್ತಿದ. ಅಷ್ಟು ಹೊತ್ತಿಗೆ ಫೋನು ಮತ್ತೆ.

"ಎಲ್ಲಿದೀರ್ರೀ?" ಎಂದು ಕಾರಿನವನು ಕೂಗಿದ. "ಹತ್ತು ನಿಮಿಷ ಅಂದ್ರಿ!"

"ಮನೇಲಿ ಮಕ್ಕಳಿದಾವೆ ಸಾರ್. ಬಿಟ್ಟು ಬರೋಕಾಗಲ್ಲ."

"ಮನೇಲಿ ಹೆಂಗಸರಿಲ್ವೇನ್ರೀ?"

"ಇದ್ರು," ಎಂದ. ಫೋನು ಆರಿಸಿ ಅನ್ನದ ಪಾತ್ರೆಯೊಳಗೆ ಹಾಕಿ ಮುಚ್ಚಳ ಮುಚ್ಚಿದ.

ಗಂಟೆ ಐದಾಯಿತು. ಕೇಕು ಕೊಯ್ಯೋಣವೆಂದರೆ ಮಕ್ಕಳು ಒಪ್ಪಲಿಲ್ಲ. ಬತ್ತಿ ಊದದೆ ಕೇಕು ಇಲ್ಲ. ಮೂರೇ ಜನ ಊದೋಣ, ಹೋದ ವರ್ಷ ಹಾಗೇ ಮಾಡಿದಿರಲ್ಲ ಎಂದರೆ, "ಆ ಮೂರರಲ್ಲಿ ಅಮ್ಮ ಇದ್ಳು," ಎಂದಳು ಮೆಣಸು. ಅವನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಬೈಯಲು ಎದುರಿಗಿದ್ದವರು ಗದ್ದದವರೆಗೆ ಮೇಜು ಬರುವ ಇಬ್ಬರು.

ಮೆಟ್ಟಿಲ ಮೇಲೆ ಸದ್ದಾಯಿತು. ಮೂವರೂ ಬಾಗಿಲ ಕಡೆ ನೋಡಿದರು. ಸದ್ದು ಎರಡನೆಯ ಮಹಡಿಯಲ್ಲಿ ನಿಂತಿತು. ಕೆಳಗಿನ ಮನೆಯ ಬಾಗಿಲು ತೆರೆದು ಮುಚ್ಚಿಕೊಂಡಿತು.

"ಅಮ್ಮನ ಹತ್ತು ನಿಮಿಷ ಎಷ್ಟು ಉದ್ದ ಇರತ್ತೆ?" ಎಂದು ಮೊಟ್ಟೆ ಕೇಳಿದ.

"ಅಪ್ಪಂದಷ್ಟೇ," ಎಂದಳು ಮೆಣಸು. ಪೆನ್ಸಿಲು ತಂದು ಹಾಳೆ ಬಿಡಿಸಿ ಕೂತಳು. 'ಅಪ್ಪ ಹೋಗುತ್ತಾರೆ' ಎಂಬ ಆರನೆಯ ಸಾಲನ್ನು ರಬ್ಬರಿನಿಂದ ಉಜ್ಜಿ ಅಳಿಸಿದಳು. ಅಲ್ಲಿ ಏನು ಬರೆಯುವುದೆಂದು ಅಪ್ಪನ ಮುಖ ನೋಡಿದಳು.

"ತಡಿ, ಬರೀಬೇಡ," ಎಂದ ಅವನು. "ಅವಳು ಬರ್ಲಿ."

ಎದ್ದು ಬಾಗಿಲನ್ನು ಪೂರಾ ತೆರೆದು, ತಾನಾಗಿ ಮುಚ್ಚಿಕೊಳ್ಳದಂತೆ ಆ ಬಿಚ್ಚಿದ ಬೀಗವನ್ನೇ ಸಂದಿಗೆ ಅಡ್ಡ ಇಟ್ಟ. ಮೂವರೂ ಮೆಟ್ಟಿಲ ಕಡೆ ಮುಖ ಮಾಡಿ ಕೂತರು. ದಪ್ಪ ಬತ್ತಿ ಅರ್ಧವಾಯಿತು, ಕಾಲಾಯಿತು, ಮೇಣ ಹರಿದು ತಟ್ಟೆಯಲ್ಲಿ ಹೆಪ್ಪುಗಟ್ಟಿತು. ಕೊನೆಗೆ ಯಾರೂ ಊದದೆ ತಾನೇ ಆರಿಹೋಯಿತು. ಅವಳು ಬರಲಿಲ್ಲ.