ತನಿಗುಚಿ ಸಾಹೇಬರ ಹಾಡು ಮತ್ತು ಬುಧವಾರದ ಪ್ರಾಕ್ಟೀಸು

ಜುವಾಕಿಂ ಲೋಬೊ ಹದಿನಾಲ್ಕು ವರ್ಷಗಳಿಂದ ದುಬೈಯ ಚರ್ಚೊಂದರ ಕೊಂಕಣಿ ಕೊಯರಿನ, ಅಂದರೆ ಹಾಡುವ ತಂಡದ, ಯಜಮಾನ. ಹೊಟ್ಟೆಪಾಡಿಗೆ ಪಂಪು ಮಾರುವ ಒಂದು ಜಪಾನಿ ಕಂಪನಿಯಲ್ಲಿ ಕಾಗದಪತ್ರ ನೋಡಿಕೊಳ್ಳುತ್ತಿದ್ದನಾದರೂ ಅದನ್ನು ತನ್ನ ಕೆಲಸವೆಂದು ಅವನು ಎಂದೂ ಮನಸಾರೆ ಒಪ್ಪಿಕೊಂಡವನಲ್ಲ. ಕೆಲಸವೆಂದರೆ ಕೊಯರು. ಅದಕ್ಕೆ ಅವನು ಮಾಡಿಟ್ಟ ನಿಯಮ ಒಂದೇ: ಬುಧವಾರ ಸಂಜೆಯ ಪ್ರಾಕ್ಟೀಸಿಗೆ ಬಾರದವರು ಭಾನುವಾರದ ಪೂಜೆಯಲ್ಲಿ ಹಾಡುವಂತಿಲ್ಲ, ಬೆಂಚಿನಲ್ಲಿ ಕೂತು ಕೇಳಬೇಕು. ಜ್ವರ ಬಂದರೂ ಅಷ್ಟೆ, ಮದುವೆಯಾದರೂ ಅಷ್ಟೆ. ಮಿರ್ದಿಫ್‌ನ ಕ್ಲಿನಿಕ್ಕೊಂದರಲ್ಲಿ ನರ್ಸಾಗಿರುವ ಹೆಂಡತಿ ಜೋಯ್ಲಿನ್ ಡಬಲ್ ಡ್ಯೂಟಿ ಬಿದ್ದು ಒಂದು ಬುಧವಾರ ತಪ್ಪಿಸಿದ್ದಕ್ಕೆ ಅವಳನ್ನೂ ಬೆಂಚಿಗೆ ಕಳಿಸಿದ್ದ. ಆ ವಾರವಿಡೀ ಮನೆಯಲ್ಲಿ ಅವನಿಗೆ ಮೀನುಸಾರು ಸಿಗಲಿಲ್ಲ. ಆದರೆ ನಿಯಮ ಉಳಿಯಿತು. ಗಿಟಾರು ಬಾರಿಸುವ ನೆಲ್ಸನ್‌ನನ್ನಂತೂ ಮೂರು ಸಲ ಕೂರಿಸಿದ್ದ.

ಹೀಗಿರುವಾಗ ಕಂಪನಿಗೆ ಮದೀನತ್ ಜಾಯೆದ್‌ನಲ್ಲಿ ಎರಡು ವರ್ಷದ ದೊಡ್ಡ ಕೆಲಸ ಸಿಕ್ಕಿತು. ಆಫೀಸಿನಿಂದ ಒಬ್ಬರು ಅಲ್ಲಿಗೆ ಹೋಗಿ ಇರಬೇಕು. ಒಂದೋ ಜುವಾಕಿಂ, ಇಲ್ಲವೇ ಕಂಪ್ಯೂಟರ್ ನೋಡಿಕೊಳ್ಳುವ ಮೈಸೂರಿನ ಶ್ರೀನಿಧಿ. ಮ್ಯಾನೇಜರ್ ತನಿಗುಚಿ ಸಾಹೇಬರು ಎರಡು ವಾರ ಬಿಟ್ಟು ಬರುವ ಶುಕ್ರವಾರ ಹೇಳುತ್ತಾರಂತೆ. ದುಬೈಯಿಂದ ಮೂರು ಗಂಟೆಯ ದಾರಿ, ಸುತ್ತ ಮರಳು. ಅದಾದರೂ ತಡೆದುಕೊಳ್ಳಬಹುದು. ಆದರೆ ಬುಧವಾರ ಸಂಜೆ ಏಳಕ್ಕೆ ಅಲ್ಲಿಂದ ಬರುವುದು ಹೇಗೆ? ತಾನೇ ಮಾಡಿದ ನಿಯಮದ ಪ್ರಕಾರ ತಾನೇ ಬೆಂಚಿನಲ್ಲಿ ಕೂರಬೇಕು, ಕೊಯರು ನೆಲ್ಸನ್‌ನ ಕೈ ಸೇರಬೇಕು. ಅವನೋ, ಮರಣದ ಪೂಜೆಯ ಹಾಡಿಗೂ ಕಾಲು ಕುಣಿಸುವ ಆಸಾಮಿ.

ಉಳಿದ ದಾರಿ ಒಂದೇ, ಸಾಹೇಬರನ್ನು ಒಲಿಸಿಕೊಳ್ಳುವುದು. ತನಿಗುಚಿ ಸಾಹೇಬರು ಎರಡು ತಿಂಗಳಿಗೊಮ್ಮೆ, ಶುಕ್ರವಾರ ಅರ್ಧ ದಿನದ ಆಫೀಸು ಮುಗಿದ ಮೇಲೆ, ಎಲ್ಲರನ್ನೂ ಜಪಾನಿ ಹೋಟೆಲಿನ ಕರಾಓಕೆ ಕೋಣೆಗೆ, ಯಂತ್ರ ಬಾರಿಸುವ ಸಂಗೀತಕ್ಕೆ ಹಾಡಲು, ಕರೆದೊಯ್ಯುತ್ತಿದ್ದರು. ಅಲ್ಲಿ ಅವರು ಹಾಡುವುದು ಒಂದೇ ಹಾಡು. ಅವರ ಕಾಲೇಜು ದಿನಗಳಲ್ಲಿ ಗುಂಗುರು ಕೂದಲು ಬಿಟ್ಟ ನಾಲ್ಕು ಹುಡುಗರ ಬ್ಯಾಂಡೊಂದು ಹಾಡಿದ್ದಂತೆ: ಕಾಲೇಜಿನೆದುರಿನ ಕಾಫಿ ಅಂಗಡಿ ಮುಚ್ಚಿಹೋಗಿದೆ, ನೀನು ಮರೆತು ಹೋದ ಕೊಡೆ ಇನ್ನೂ ನನ್ನ ಬಳಿ ಇದೆ, ಮಳೆ ಬಂದರೆ ಬಿಚ್ಚಲು ಮನಸ್ಸಿಲ್ಲ. ಸಾಹೇಬರು ಇದನ್ನು ಬಸ್ಸಿನ ಕಂಡಕ್ಟರ್ ಊರು ಕೂಗುವ ಹಾಗೆ ಕೂಗುತ್ತಿದ್ದರು. ಹಾಡು ಮುಗಿದ ಮೇಲೆ ಯಂತ್ರ ನೂರಕ್ಕೆ ಇಷ್ಟೆಂದು ಅಂಕ ಕೊಡುತ್ತಿತ್ತು. ಅವರು ಎಪ್ಪತ್ತೆರಡು ದಾಟಿದ್ದಿಲ್ಲ.

ಜುವಾಕಿಂ ಕಂಡ ಲೋಕದಲ್ಲಿ ದೊಡ್ಡವರಿಗೆ ಗೌರವ ತೋರಿಸುವ ಕ್ರಮವೇ ಬೇರೆ. ಬೆಳ್ಳಿಹಬ್ಬವಿರಲಿ, ಮರಣದ ಪೂಜೆಯಿರಲಿ, ಆ ವ್ಯಕ್ತಿಯ ಇಷ್ಟದ ಹಾಡನ್ನು ಕೊಯರು ನಾಲ್ಕು ಸ್ವರದಲ್ಲಿ ಹಾಡುತ್ತದೆ, ಮನೆಯವರು ಕಣ್ಣೊರಸಿಕೊಳ್ಳುತ್ತಾರೆ. ಅದನ್ನೇ ಸಾಹೇಬರಿಗೂ ಮಾಡುವುದೆಂದು ಅವನು ನಿಶ್ಚಯಿಸಿದ. ಆಫೀಸಿನ ಜಪಾನಿ ಸಹೋದ್ಯೋಗಿಯೊಬ್ಬರನ್ನು ಕಾಡಿಬೇಡಿ ಉಚ್ಚಾರ ಹೇಳಿಸಿಕೊಂಡು ಹಾಡನ್ನು ಕನ್ನಡ ಅಕ್ಷರದಲ್ಲಿ ಬರೆದ. ಅವನ ಕೊಯರಿನವರು ಕೊಂಕಣಿ ಹಾಡನ್ನೂ ಕನ್ನಡ ಅಕ್ಷರದಲ್ಲೇ ಓದಿ ಹಾಡುವವರು, ಅವರಿಗೆ ಇದೇನೂ ದೊಡ್ಡ ಸಂಗತಿಯಾಗಲಿಲ್ಲ. ಎರಡು ಬುಧವಾರದ ಪ್ರಾಕ್ಟೀಸು ಪೂರ್ತಿ ಇದಕ್ಕೇ ಹೋಯಿತು. ಹಾಡಿನ ಓಟ ಮಾತ್ರ ಜುವಾಕಿಂಗೆ ಹಿಡಿಸಲಿಲ್ಲ. ಓಡುತ್ತಿದ್ದುದನ್ನು ನಡೆಸಿದ, ನಡೆಯುತ್ತಿದ್ದ ಕಡೆ ನಿಲ್ಲಿಸಿದ. ಕೊನೆಗೆ ಕೊಡೆಯ ಸಾಲಿಗೆ ಒಂದು ಉದ್ದದ ಆಮೆನ್ ಕೂಡ ಸೇರಿಸಿದ್ದ. ಜೋಯ್ಲಿನ್ ಕಣ್ಣು ಬಿಟ್ಟದ್ದರಿಂದ ಅದನ್ನು ತೆಗೆದ.

ಆ ಶುಕ್ರವಾರದ ಕರಾಓಕೆಗೆ ಮನೆಯವರನ್ನೂ ಕರೆತರಬಹುದು ಎಂದಿದ್ದರು. ಜುವಾಕಿಂ ಹೆಂಡತಿಯನ್ನು, ನಾದಿನಿ ಲೂರ್ದ್‌ಳನ್ನು, ಜೊತೆಗೆ ಕೆಳಸ್ವರದ ವಿಕ್ಟರ್‌ನನ್ನು ಕರೆತಂದ. ವಿಕ್ಟರ್ ತನ್ನ ಕಸಿನ್ ಎಂದು ಪರಿಚಯಿಸಿದ. ಮಂಗಳೂರಿನ ಕಡೆ ನಾಲ್ಕು ತಲೆ ಹಿಂದಕ್ಕೆ ಹೋದರೆ ಯಾರು ಕಸಿನ್ ಅಲ್ಲ?

ಮೊದಲು ಶ್ರೀನಿಧಿ ಎದ್ದು ಒಂದು ಹಿಂದಿ ಹಾಡನ್ನು ಜೀವ ತೆಗೆಯುವ ಹಾಗೆ ಹಾಡಿದ. ಮೂವತ್ತೊಂದು ಅಂಕ ಬಂತು. ಅವನೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ ಕೂತ. ಪಾಪ, ಇವನು ಮರಳಿಗೇ ಎಂದು ಜುವಾಕಿಂ ಒಳಗೊಳಗೇ ಮರುಗಿದ, ಸಂತೋಷವೂ ಪಟ್ಟ. ಆಮೇಲೆ ನಾಲ್ವರೂ ಎದ್ದು ಸಾಲಾಗಿ ನಿಂತರು. ಯಂತ್ರದ ವೇಗವನ್ನು ಜುವಾಕಿಂ ಕೆಳಗಿಳಿಸಿದ, ಕೈ ಎತ್ತಿದ.

ಹಾಡಿನ ಮೊದಲ ಸಾಲಿಗೇ, ಬೂಟು ಬಾಗಿಲಲ್ಲಿ ಬಿಟ್ಟು ಕೂತಿದ್ದ ಜಪಾನಿಯರೆಲ್ಲ ತಮ್ಮ ಕಾಲ್ಚೀಲ ನೋಡತೊಡಗಿದರು. ಭಕ್ತಿ ಎಂದುಕೊಂಡ ಜುವಾಕಿಂ. ಲೂರ್ದ್ ಮೇಲೇರಿದಳು, ವಿಕ್ಟರ್ ಕೆಳಗಿಳಿದ, ಕಾಫಿ ಅಂಗಡಿ ನಾಲ್ಕು ಸ್ವರದಲ್ಲಿ ಮುಚ್ಚಿತು. ಕೊಡೆಯ ಸಾಲನ್ನು ಹಾಡಿ ನಿಲ್ಲಿಸಿದರು. ಯಂತ್ರ ಕಹಳೆ ಊದಿ ತೊಂಬತ್ತಾರು ಎಂದು ತೋರಿಸಿತು.

ಪಕ್ಕಕ್ಕೆ ಬಂದು ಕೂತ ಜುವಾಕಿಂನ ಕಿವಿಯಲ್ಲಿ ಶ್ರೀನಿಧಿ ಪಿಸುಗುಟ್ಟಿದ. "ಏನ್ ಸಾರ್ ಮಾಡ್ಬಿಟ್ರಿ? ಇವ್ರಲ್ಲಿ ಸಾಹೇಬ್ರ ಹಾಡನ್ನ ಇನ್ನೊಬ್ರು ಮುಟ್ಟೋ ಹಾಗೇ ಇಲ್ಲ. ಅದ್ರಲ್ಲಿ ನೀವು ತೊಂಬತ್ತಾರು ಬೇರೆ ತಗೊಂಡಿದೀರ."

ಖಲಾಸ್, ಕೊಯರು ನೆಲ್ಸನ್‌ನದಾಯಿತು ಎಂದುಕೊಂಡ ಜುವಾಕಿಂ. ಅಷ್ಟರಲ್ಲಿ ತನಿಗುಚಿ ಸಾಹೇಬರು ಕನ್ನಡಕ ತೆಗೆದು ಟೈಯಿಂದ ಕಣ್ಣೊರಸಿಕೊಂಡರು. ನಿಧಾನವಾಗಿ, ತಮ್ಮ ಮುರುಕು ಇಂಗ್ಲಿಷಿನಲ್ಲಿ ಹೇಳಿದರು. ನಲವತ್ತು ವರ್ಷದಿಂದ ಈ ಹಾಡನ್ನು ಕೂಗುತ್ತಿದ್ದರಂತೆ. ಇದು ಅಳುವ ಹಾಡೆಂದು ಇವತ್ತೇ ಗೊತ್ತಾದದ್ದಂತೆ. ಮದೀನತ್ ಜಾಯೆದ್‌ಗೆ ತಾವೂ ಹೋಗುತ್ತಿದ್ದಾರಂತೆ; ಅಲ್ಲಿ ಸಂಜೆಗಳು ಬಹಳ ಉದ್ದ; ಯಾರನ್ನು ಕರೆದೊಯ್ಯುವುದೆಂದು ಈ ತನಕ ನಿರ್ಧಾರ ಮಾಡಿರಲಿಲ್ಲ. ಈಗ ಅದೂ ಆಯಿತು ಎಂದು ಜುವಾಕಿಂನತ್ತ ಕೈ ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಶ್ರೀನಿಧಿಯದು ಎಲ್ಲರಿಗಿಂತ ಜೋರು.

ಕಾರಿನಲ್ಲಿ ಜೋಯ್ಲಿನ್‌ಗೆ ನಗು ತಡೆಯಲಾಗಲಿಲ್ಲ. "ಇಷ್ಟು ಚಂದ ಮಾಡಿ ಹಾಡ್ಲಿಕ್ಕೆ ನಿಮಗೆ ಯಾರು ಹೇಳಿದ್ದು ಮಾರಾಯ್ರೆ? ಇನ್ನು ಬೆಂಚಿನಲ್ಲಿ ಕೂತ್ಕೊಳ್ಳಿ. ಬೇಕಾದ್ರೆ ನಾನೊಂದು ದಿಂಬು ಕೊಡ್ತೇನೆ."

ಜುವಾಕಿಂಗೆ ಎರಡು ದಿನ ಅನ್ನ ಸೇರಲಿಲ್ಲ. ಸೋಮವಾರ ಗಟ್ಟಿ ಮನಸ್ಸು ಮಾಡಿ ಸಾಹೇಬರ ಕ್ಯಾಬಿನ್ನಿಗೆ ಹೋಗಿ ಬುಧವಾರದ ವಿಷಯ ಬಿಡಿಸಿ ಹೇಳಿದ. ರಜೆ ಕೇಳಲು ನಾಲಗೆ ಬರಲಿಲ್ಲ, ನಿಯಮವನ್ನಷ್ಟೇ ಹೇಳಿದ. ಹೆಂಡತಿಯನ್ನು ಕೂರಿಸಿದ್ದನ್ನೂ ಹೇಳಿದ. ತನಿಗುಚಿ ಸಾಹೇಬರು ಕುರ್ಚಿಯಿಂದ ಎದ್ದು ನಿಂತರು. ಪ್ರಾಕ್ಟೀಸು ತಪ್ಪಿಸಿದವನು ಹಾಡಬಾರದು, ಇದು ಬಹಳ ಸರಿಯಾದ ನಿಯಮ, ಇಂಥದ್ದನ್ನು ಮುರಿಯುವುದು ಕಂಪನಿಗೇ ಅವಮಾನ ಎಂದರು. ಪ್ರತಿ ಬುಧವಾರ ಮಧ್ಯಾಹ್ನ ಎರಡಕ್ಕೆ ಅಲ್ಲಿಂದ ಹೊರಡಬಹುದು, ಕಾರು ತಾವೇ ಓಡಿಸುತ್ತಾರೆ. ಆಮೇಲೆ ಸ್ವಲ್ಪ ನಾಚಿಕೊಂಡು, ನಿಮ್ಮಲ್ಲಿ ಕೆಳಸ್ವರಕ್ಕೆ ಜನ ಸಾಕಷ್ಟಿದ್ದಾರೆಯೇ ಎಂದು ಕೇಳಿದರು.

ಲೋಕದ ಯಾವ ಕೊಯರಿನಲ್ಲಿ ಕೆಳಸ್ವರಕ್ಕೆ ಜನ ಸಾಕಷ್ಟಿದ್ದಾರೆ? ಇರುವ ವಿಕ್ಟರ್ ಒಬ್ಬನೂ ಪ್ರವಚನಕ್ಕೆ ನಿದ್ದೆ ಮಾಡಿದವನು ಹಾಡು ಶುರುವಾದರೂ ಏಳುತ್ತಿರಲಿಲ್ಲ. ಹೀಗಾಗಿ ತನಿಗುಚಿ ಸಾಹೇಬರು ಬುಧವಾರ ಏಳಕ್ಕೆ ಹತ್ತು ನಿಮಿಷವಿರುವಾಗಲೇ ಬಂದು ಹಿಂದಿನ ಸಾಲಿನಲ್ಲಿ ನಿಲ್ಲತೊಡಗಿದರು. ಕೊಂಕಣಿ ಹಾಡುಗಳನ್ನು ಜಪಾನಿ ಅಕ್ಷರದಲ್ಲಿ ಬರೆದುಕೊಂಡಿದ್ದರು. ಮೊದಮೊದಲು ಕೂಗುತ್ತಿದ್ದರು, ಜುವಾಕಿಂ ಕೈ ತಗ್ಗಿಸಿದರೆ ತಗ್ಗುತ್ತಿದ್ದರು. ಭಾನುವಾರ ಪೂಜೆಗೆ ಬಂದವರೆಲ್ಲ ತಿರುಗಿ ನೋಡುತ್ತಿದ್ದರು. ಪಾದ್ರಿಗಳು ಮಾತ್ರ ನೋಡಿಯೂ ನೋಡದವರ ಹಾಗೆ ಇದ್ದುಬಿಟ್ಟರು.

ನಾಲ್ಕನೆಯ ವಾರ ಟೋಕಿಯೋದಿಂದ ದೊಡ್ಡ ಸಾಹೇಬರು ಬಂದದ್ದರಿಂದ ತನಿಗುಚಿಯವರಿಗೆ ಬುಧವಾರ ಹೊರಡಲಾಗಲಿಲ್ಲ. ಜುವಾಕಿಂ ಒಬ್ಬನೇ ಟ್ಯಾಕ್ಸಿಯಲ್ಲಿ ಬಂದ. ಭಾನುವಾರ ತನಿಗುಚಿ ಸಾಹೇಬರು ಹೊಸ ಕೋಟು ತೊಟ್ಟು, ಕಾಗದ ಹಿಡಿದು, ತಮ್ಮ ಜಾಗದಲ್ಲಿ ಬಂದು ನಿಂತರು. ಇಡೀ ಕೊಯರು ಜುವಾಕಿಂನ ಮುಖವನ್ನೇ ನೋಡಿತು. ಜೋಯ್ಲಿನ್ ಬೇಡವೆಂದು ಕಣ್ಣಲ್ಲೇ ಬೇಡಿಕೊಂಡಳು. ಗಂಡನ ವೀಸಾ ಇರುವುದು ಸಾಹೇಬರದೇ ಸಹಿಯ ಮೇಲೆ. ಆದರೂ ಜುವಾಕಿಂ ಹತ್ತಿರ ಹೋಗಿ, ತಲೆ ಬಾಗಿಸಿ, ಮೆಲ್ಲಗೆ ಹೇಳಿದ.

"ತನಿಗುಚಿ ಸಾಹೇಬ್ರೆ, ನೀವು ಬುಧವಾರ ಬರ್ಲಿಲ್ಲ."

ಸಾಹೇಬರು ಸೊಂಟ ಮುರಿಯುವಷ್ಟು ಬಾಗಿ ವಂದಿಸಿ, ಕಾಗದ ಮಡಚಿ ಕಿಸೆಗೆ ಹಾಕಿಕೊಂಡು, ಇಳಿದುಹೋಗಿ ಬೆಂಚಿನಲ್ಲಿ ಕೂತರು. ಪಕ್ಕದಲ್ಲಿ ಆಗಲೇ ನೆಲ್ಸನ್ ಕೂತಿದ್ದ. ಅವನು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ.