ಪುಣೆಯ ಕ್ಯಾಸೆಟ್

ನಮ್ಮ ಮನೆಯವರು ಮಹಾರಾಷ್ಟ್ರದ ದೌಂಡ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್. ಗಾಡಿಗಳು ದಾರಿ ತಪ್ಪದಂತೆ ಹಳಿ ಬದಲಿಸುವ ಮನುಷ್ಯ, ಹೆತ್ತ ಮಗಳಿಗೆ ಒಂದು ಮಾತು ನೆಟ್ಟಗೆ ಹೇಳಲಾರದೆ ಹೋದರು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಮಗಳು ಅಂಬಾಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ತೊಂಬತ್ತಾರರಲ್ಲಿ, ಅವಳಿಗೆ ಆರು ತುಂಬಿದಾಗ, ಪುಣೆಯ ಅಂಧ ಮಕ್ಕಳ ಶಾಲೆಯಲ್ಲಿ ಜಾಗ ಸಿಕ್ಕಿತು. ಅಲ್ಲೇ ಇದ್ದು ಕಲಿಯಬೇಕು. ಅದಕ್ಕೆ ನನ್ನ ಅಡ್ಡಿಯಿರಲಿಲ್ಲ; ಕಲಿಯದೆ ಕೂತರೆ ನಾಳೆ ಅವಳ ಗತಿಯೇನು? ಊರು ಹೊಸದು, ಕೂಸು ಹೆದರದಂತೆ ತಯಾರು ಮಾಡಿ ಕರೆತನ್ನಿ ಎಂದು ಅಲ್ಲಿಯ ಶಿಕ್ಷಕಿ ದೀಪಾಲಿ ಬಾಯಿ ಹೇಳಿ ಕಳಿಸಿದ್ದರು. ಬೇರೆ ಮಕ್ಕಳಿಗಾದರೆ ಚಿತ್ರದ ಪುಸ್ತಕ ತೋರಿಸಬಹುದಿತ್ತು. ಇವರು ಗೆಳೆಯನ ಟೇಪ್‌ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ರಜೆಯ ದಿನ ಪುಣೆ ಸುತ್ತಿ ಬಂದರು.

ಕ್ಯಾಸೆಟ್ಟಿನಲ್ಲಿ ಇಡೀ ಪುಣೆ ಇತ್ತು. ಸ್ಟೇಷನ್ನಿನ ಗದ್ದಲ, ರಿಕ್ಷಾದ ಗುರುಗುರು, ಟಿಕೆಟ್ ಪೆಟ್ಟಿಗೆ ಬಡಿಯುತ್ತ 'ಪುಢೇ ಚಲಾ' ಎಂದು ಜನರನ್ನು ಮುಂದೆ ಸರಿಸುವ ಕಂಡಕ್ಟರ್, ಕಾಯಿಪಲ್ಲೆ ಮಾರುವವರ ಕೂಗು, ಕೊನೆಗೆ ಶಾಲೆಯ ಗಂಟೆ. ಅಂಬಾ ಕೇಳಿದ್ದೇ ಕೇಳಿದ್ದು. ಪುಣೆಗೆ ಹೋಗಿ ಬಂದು ಎಲ್ಲ ಹೇಳುತ್ತೇನೆಂದು ಓಣಿಗೆಲ್ಲ ಸಾರಿದಳು. ಅವಳ ಖುಷಿ ನೋಡಿ ನಾನು ಮನೆಯವರನ್ನು ಬದಿಗೆ ಕರೆದೆ.

"ಅಲ್ಲೇ ಇರಬೇಕಂತ ಹೇಳ್ರಿ ಆಕಿಗೆ," ಎಂದೆ.

"ಹೋದ ಮ್ಯಾಲ ತಾನ ತಿಳೀತದ. ಈಗ ಯಾಕ ಅಳಸ್ತಿ?"

ನಾನೇ ಹೇಳುತ್ತೇನೆಂದಾಗ ಮಗಳ ಮೇಲೆ ಆಣೆ ಇಟ್ಟು ನನ್ನ ಬಾಯಿ ಮುಚ್ಚಿಸಿದರು.

ಒಂದು ಸಂಜೆ ಅಂಬಾ ಕೇಳಿದಳು, "ಅಪ್ಪಾ, ಇದರಾಗ ವಾಪಸ್ ಬರೋ ಗಾಡಿ ಯಾಕಿಲ್ಲ?"

ಈಗಲಾದರೂ ಹೇಳುತ್ತಾರೆಂದು ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದೆ. "ಮರ್ತ ಬಿಟ್ಟಿದ್ದೆವಾ," ಎಂದರು. ಮರುವಾರ ಮತ್ತೆ ಪುಣೆಗೆ ಹೋಗಿ, ದೌಂಡಕ್ಕೆ ಹೊರಟ ಗಾಡಿಯ ಸದ್ದನ್ನು ಕ್ಯಾಸೆಟ್ಟಿನಲ್ಲಿ ಶಾಲೆಯ ಗಂಟೆಯ ನಂತರ ತುಂಬಿಸಿಕೊಂಡು ಬಂದರು. ನಿಜ ಹೇಳುವುದಕ್ಕಿಂತ ಅಷ್ಟು ದೂರ ಹೋಗಿಬರುವುದೇ ಅವರಿಗೆ ಸುಲಭವಾಯಿತು.

ಹೊರಟ ದಿನ ಅವಳ ಬಾಯಿಗೆ ಬಿಡುವೇ ಇಲ್ಲ. "ಈಗ ಕಂಡಕ್ಟರ್ ಬರ್ತಾನ ನೋಡು," ಎನ್ನುವಳು, ಕಂಡಕ್ಟರ್ ಬರುತ್ತಿದ್ದ. ಶಾಲೆ ಮುಟ್ಟಿದೆವು. ಗಂಟೆ ಬಡಿಯಿತು. ಅವಳು ಅಪ್ಪನ ಬೆರಳು ಹಿಡಿದು ಹೊರಗೆ ಜಗ್ಗಿದಳು.

"ನಡೀರಿ, ಇನ್ನ ಗಾಡಿ."

ದೀಪಾಲಿ ಬಾಯಿ ಅವಳ ಇನ್ನೊಂದು ಕೈ ಹಿಡಿದು, ನೀನಿನ್ನು ಇಲ್ಲೇ ನಮ್ಮ ಜೊತೆ ಇರುವವಳು ಎಂದು ಮರಾಠಿಯಲ್ಲಿ ಹೇಳಿದರು. ಅಂಬಾಗೆ ಮರಾಠಿ ಚೆನ್ನಾಗಿ ತಿಳಿಯುತ್ತಿತ್ತು. ಅಳುತ್ತಾಳೆಂದುಕೊಂಡೆ. ಅಳಲಿಲ್ಲ.

"ಅಪ್ಪಾ, ಆ ಗಾಡಿ ನಿಮ್ಮಿಬ್ಬರದ ಏನು?"

"ಹೌದವಾ," ಎಂದರು. ಅಷ್ಟು ದಿನದಲ್ಲಿ ಅವಳಿಗೆ ಹೇಳಿದ ನಿಜ ಅದೊಂದೇ. ಅವಳು ಬೆರಳು ಬಿಟ್ಟಳು.

ದೀಪಾವಳಿಗೆ ಕರೆತರಲು ಹೋದೆವು. ಹೆಜ್ಜೆ ಸಪ್ಪಳದಲ್ಲೇ ನಮ್ಮನ್ನು ಗುರುತು ಹಿಡಿದಳು. ಓಡಿ ಬರಲಿಲ್ಲ, ಚೀಲ ಹಿಡಿದು ಹೊಸ್ತಿಲಲ್ಲೇ ನಿಂತಳು. ಮನೆಯವರು, "ಬಾರವಾ, ಮನಿಗೆ ಹೋಗೂನು," ಎಂದು ಕೈ ಹಿಡಿಯಲು ಹೋದರು.

"ನೀ ಹೇಳಬ್ಯಾಡ," ಎಂದಳು ಅಂಬಾ. "ಅವ್ವಾ, ನೀ ಹೇಳು. ಎಷ್ಟು ದಿನಕ್ಕ?"

ಹತ್ತು ದಿನ ಎಂದೆ. ಅವಳು ಗೋಡೆ ಸವರುತ್ತ ತಾನೇ ಗೇಟಿನವರೆಗೆ ನಡೆದಳು. ಅವಳ ಕೈಗೆ ತಾಗಿಸಿದ ನನ್ನ ಕೈಯನ್ನೂ ಹಿಡಿಯಲಿಲ್ಲ.