ಬೀದಿಯಾಚೆ ಕಾಣುತ್ತೆ, ಹುಬ್ಬಿನ ಕೂದಲು ಕಾಣಲ್ಲ

ಅಂಗಡಿ ಇದೆ, ಕೆಲಸ ಗೊತ್ತಿದೆ, ಗಿರಾಕಿ ಮಾತ್ರ ಬರುತ್ತಿಲ್ಲ. ಇಂಥ ಸಂಕಟ ನಿಮ್ಮ ಬೀದಿಯಲ್ಲೂ ಯಾರಿಗಾದರೂ ಇದ್ದೀತು. ನಮ್ಮ ಬೀದಿಯಲ್ಲಿ ಅದು ಪಾರ್ಲರ್ ಅಕ್ಕನಿಗೆ ಬಂತು.

ಒಂದು ಕುರ್ಚಿ, ಒಂದು ಕನ್ನಡಿ, ಗೋಡೆಗೊಂದು ಫ್ಯಾನು. ಇಷ್ಟೇ ಅವಳ ಪಾರ್ಲರ್. ಹಿಂದಿನ ಕೋಣೆಯಲ್ಲಿ ಅವಳೂ ಅವಳ ತಾಯಿಯೂ ಇರುತ್ತಾರೆ. ವಯಸ್ಸು ಮೂವತ್ತೈದರ ಆಸುಪಾಸು. ದಾರದ ತುದಿ ಹಲ್ಲಲ್ಲಿ ಕಚ್ಚಿಕೊಂಡು ಹುಬ್ಬಿನ ಮೇಲೆ ಬಗ್ಗಿದಳೆಂದರೆ, ಗಿರಾಕಿ 'ಅಯ್ಯೋ' ಅನ್ನುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು.

ಆಮೇಲೆ ಆ ಕೈ ತಪ್ಪತೊಡಗಿತು. ದಾರ ಎರಡಾಗಿ ಕಾಣುತ್ತಿತ್ತು. ಸಣ್ಣ ಕೂದಲು ಮಂಜಿನಲ್ಲಿ ಕರಗಿದ ಹಾಗೆ ಆಗುತ್ತಿತ್ತು. ಸಂಜೆಯಾದರೆ ಕಣ್ಣುರಿ, ಹಣೆ ಸಿಡಿಯುವಂಥ ನೋವು. ಒಂದು ದಿನ ಮದುವೆ ಹುಡುಗಿಯೊಬ್ಬಳ ಹುಬ್ಬಿನ ಅಂಚೇ ಹೋಯಿತು. ಹುಡುಗಿ ಅತ್ತಳು, ಅವಳ ಚಿಕ್ಕಮ್ಮ ಬೀದಿಗೆಲ್ಲ ಕೇಳುವ ಹಾಗೆ ಬೈದಳು.

ಅಲ್ಲಿಂದ ಎಲ್ಲರೂ ಎದುರುಸಾಲಿನ ಪಾರ್ಲರಿಗೆ ಹೋದರು. ಖಾಲಿ ಅಂಗಡಿಯ ಬಾಗಿಲಲ್ಲಿ ಕೂತು ಅಕ್ಕ ನೋಡುತ್ತಿದ್ದಳು. ಯಾರು ಹೋದರು, ಯಾವ ಓಲೆ ಹಾಕಿದ್ದರು, ಒಳಗೆ ಹೋಗುವಾಗ ಯಾರು ಇತ್ತ ತಿರುಗಿ ನೋಡಿ ತಲೆ ತಗ್ಗಿಸಿದರು, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಇಷ್ಟು ಚೆನ್ನಾಗಿ ಕಾಣದಿದ್ದರೇ ವಾಸಿಯಿತ್ತು ಅನ್ನಿಸುತ್ತಿತ್ತು ಅವಳಿಗೆ. ಒಂದು ಕೂದಲೂ ಬೀಳದ ನೆಲವನ್ನು ದಿನಾ ಗುಡಿಸುತ್ತಿದ್ದಳು. ಗೆಳತಿಯರು ಕಳಿಸಿದ ಮೆಸೇಜು ಓದಲು ಹೋದರೆ ತಲೆನೋವು. ಉತ್ತರ ಬರಲಿಲ್ಲವೆಂದು ಅವರೂ ಕಳಿಸುವುದು ಬಿಟ್ಟರು.

ಒಂದು ಮಧ್ಯಾಹ್ನ ಆಸ್ಪತ್ರೆಯ ನರ್ಸ್ ಒಬ್ಬರು ಬಂದು ಕುರ್ಚಿಯಲ್ಲಿ ಕೂತರು. ಹಳೇ ಗಿರಾಕಿ. ಅಕ್ಕ ದಾರ ಎಳೆದಳೋ ಇಲ್ಲವೋ, ರೆಪ್ಪೆಯ ಚರ್ಮ ಸಿಕ್ಕಿಕೊಂಡಿತು. ನರ್ಸ್ ಚೀರಿದರು.

"ಕ್ಷಮಿಸಿ ಸಿಸ್ಟರ್. ನನ್ನ ಕೈಲಿ ಆಗಲ್ಲ. ಎದುರಿನ ಅಂಗಡಿಗೆ ಹೋಗಿ," ಅಂದಳು ಅಕ್ಕ.

ನರ್ಸ್ ಏಳಲಿಲ್ಲ. "ನೀವು ಮುಖ ಯಾಕೆ ಅಷ್ಟು ಹಿಂದಕ್ಕೆ ಎಳ್ಕೋತೀರ? ಹತ್ತಿರದ್ದು ಮಂಜಾಗುತ್ತಾ?"

"ಸ್ವಲ್ಪ."

"ತಲೆನೋವು? ಕಣ್ಣುರಿ?"

"ದಿನಾ."

"ಕಣ್ಣು ತೋರಿಸಿದ್ದೀರಾ?"

ಒಳಗಿಂದ ತಾಯಿಯೇ ಉತ್ತರ ಕೊಟ್ಟರು. "ಅವಳ ಕಣ್ಣಿಗೇನಾಗಿದೆ ಸಿಸ್ಟರ್? ಬೀದಿ ಕೊನೇಲಿರೋ ಬಸ್ಸಿನ ಬೋರ್ಡು ಇಲ್ಲಿಂದ್ಲೇ ಓದ್ತಾಳೆ! ಎಲ್ಲಾ ಆ ಮೊಬೈಲಿಂದ. ಕನ್ನಡಕ ಹಾಕ್ಕೊಂಡು ಕೂತರೆ ಪಾರ್ಲರಿಗೆ ಯಾರು ಬರ್ತಾರೆ?"

"ಈಗಲೂ ಯಾರೂ ಬರ್ತಿಲ್ವಲ್ಲಮ್ಮ," ಅಂದಳು ಅಕ್ಕ.

"ನಾಳೆಯೇ ಹೋಗಿ ಕಣ್ಣು ತೋರಿಸಿ," ಅಂದರು ನರ್ಸ್.

ಮಾರನೆಯ ದಿನ ಅಕ್ಕ ಒಬ್ಬಳೇ ಕಣ್ಣಾಸ್ಪತ್ರೆಗೆ ಹೋದಳು. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿದಳು. ಓದಿ ಮುಗಿಸಿ ತನ್ನ ಬೆರಳುಗಳನ್ನೇ ನೋಡಿಕೊಂಡಳು. ಕಣ್ಣು ಸರಿಯಿದೆ ಅಂದರೆ ಕೆಟ್ಟಿರುವುದು ನನ್ನ ಕೈಯೇ?

"ದೂರದ್ದು ಓದಿದ ಮಾತ್ರಕ್ಕೆ ಕಣ್ಣು ಸರಿ ಇದೆ ಅಂತಲ್ಲಮ್ಮ," ಅಂದರು ಡಾಕ್ಟರು. ಕಣ್ಣಿಗೆ ಹನಿ ಹಾಕಿ, ಹೊರಗೆ ಕೂತಿರಲು ಹೇಳಿದರು.

ಬೆಂಚಿನಲ್ಲಿದ್ದ ಎಲ್ಲರ ಪಕ್ಕದಲ್ಲೂ ಯಾರೋ ಒಬ್ಬರಿದ್ದರು. ಮಗ, ಸೊಸೆ, ಗಂಡ. ಅಕ್ಕನ ಪಕ್ಕದಲ್ಲಿ ಅವಳ ಚೀಲ. ನಿಧಾನವಾಗಿ ಕೈಬೆರಳು ಮಸುಕಾದವು. ಆಮೇಲೆ, ಬಂದಾಗ ನಿಚ್ಚಳವಾಗಿದ್ದ ಗೋಡೆಯ ಗಡಿಯಾರವೂ ಮಸುಕಾಯಿತು. ಉಳಿದಿದ್ದ ದೂರವೂ ಹೋಯಿತಲ್ಲ ಅಂತ ಅವಳಿಗೆ ಅಳು ಬಂತು. ಯಾರನ್ನು ಕೇಳುವುದು? ಚೀಲ ತಬ್ಬಿಕೊಂಡು ಕೂತಳು.

ಒಳಗೆ ಕರೆದಾಗ ಡಾಕ್ಟರು ಒಂದೊಂದೇ ಗಾಜು ಬದಲಿಸಿ ನೋಡಿ, ಸಮಾಧಾನವಾಗಿ ಹೇಳಿದರು. "ಗಾಬರಿಯಾಗ್ಬೇಡಿ. ಇದು ಹನಿಯಿಂದ, ಕೆಲವು ಗಂಟೆ ಇದ್ದು ಹೋಗುತ್ತೆ. ನಿಮ್ಮ ಕಣ್ಣುಗುಡ್ಡೆ ಸ್ವಲ್ಪ ಗಿಡ್ಡ. ಅದಕ್ಕೇ ಬಿಂಬ ಕಣ್ಣಿನ ಒಳಗೋಡೆಯ ಪರದೆ ಮೇಲೆ ಬೀಳೋ ಬದಲು ಅದರ ಹಿಂದಕ್ಕೆ ಹೋಗುತ್ತೆ. ಚಿಕ್ಕಂದಿನಿಂದ ಕಣ್ಣೊಳಗಿನ ಸ್ನಾಯು ಬಿಗಿ ಹಿಡಿದು ಅದನ್ನ ಮುಂದಕ್ಕೆ ಎಳೀತಾ ಬಂದಿದೆ. ಹನಿ ಹಾಕಿ ಅದಕ್ಕೆ ರಜೆ ಕೊಟ್ವಿ, ನಿಜ ಹೊರಗೆ ಬಂತು. ಇದನ್ನ ದೂರದೃಷ್ಟಿ ದೋಷ ಅಂತಾರೆ. ವಯಸ್ಸಾದ ಹಾಗೆ ಆ ಶಕ್ತಿ ಕಮ್ಮಿಯಾಗುತ್ತೆ. ಮೊದಲು ಹತ್ತಿರದ್ದೇ ಕೈಕೊಡೋದು."

"ವಾಸಿಯಾಗುತ್ತಾ ಡಾಕ್ಟ್ರೇ?"

"ನಡು ದಪ್ಪ ಇರೋ ಗಾಜಿನ ಕನ್ನಡಕ ಹಾಕಿದ್ರೆ ಚೆನ್ನಾಗಿ ಕಾಣುತ್ತೆ. ಬೇಕಿದ್ರೆ ಕಾಂಟ್ಯಾಕ್ಟ್ ಲೆನ್ಸೂ ಇದೆ. ಕೆಲವರಿಗೆ ಆಪರೇಷನ್ನೂ ಮಾಡಬಹುದು, ಪರೀಕ್ಷೆ ಮಾಡಿ ಹೇಳ್ಬೇಕು. ಅಂದಹಾಗೆ, ಇದು ಮನೆತನದಲ್ಲಿ ಬರೋದುಂಟು. ಮನೇಲಿ ಮಕ್ಕಳಿದ್ರೆ ತೋರಿಸಿ. ಮಕ್ಕಳಿಗೆ ಮಂಜು ಅಂತ ಹೇಳೋಕೆ ಬರಲ್ಲ. ಒಂದು ಕಣ್ಣು ಮೂಗಿನ ಕಡೆ ವಾಲಿದ್ರೆ ತಡ ಮಾಡಲೇಬಾರದು, ಆ ಕಣ್ಣು ಮಂದವಾಗಿಬಿಡಬಹುದು."

ಸಂಜೆ ಅಕ್ಕ ತಾಯಿಗೆ ಎಲ್ಲ ಹೇಳಿದಳು.

"ದೂರದೃಷ್ಟಿನಾ ನಿನಗೆ? ಅದಿದ್ದಿದ್ರೆ ಇಷ್ಟೊತ್ತಿಗೆ ನಾಲ್ಕು ಪಾರ್ಲರ್ ಇಡ್ತಿದ್ದೆ!" ಅಂತ ತಾಯಿ ನಕ್ಕರು. ಮನೆತನದ ಮಾತು ಬಂದಾಗ ನಗು ನಿಂತಿತು. ಸೆರಗಿನ ಅಂಚು ಹೊಸೆಯತೊಡಗಿದರು.

"ನಿಮ್ಮಪ್ಪನೂ ಹಾಗೇ ಕಣೆ. ಪೇಪರ್ ಹಿಡಿದ್ರೆ ತಲೆನೋವು. ನಾನು ಹತ್ತಿರ ಕೂತು ಏನಾದ್ರೂ ತೋರಿಸೋಕೆ ಹೋದ್ರೆ ಎದ್ದು ಹೋಗಿ ಮೆಟ್ಟಿಲ ಮೇಲೆ ಒಬ್ರೇ ಕೂರೋರು. ದೂರ ನೋಡ್ತಾ. ನನ್ನ ಜೊತೆ ಕೂರೋಕೇ ಇಷ್ಟ ಇಲ್ಲ ಅಂದ್ಕೊಂಡಿದ್ದೆ. ಸಾಯೋವರೆಗೂ ಹಾಗೇ ಅಂದ್ಕೊಂಡಿದ್ದೆ."

ಅಕ್ಕ ಹತ್ತಿರ ಸರಿದಳು. ತಾಯಿಯ ಕೈ ಹಿಡಿದುಕೊಂಡಳು.

ತಾಯಿಯೇ ಕಣ್ಣೊರೆಸಿಕೊಂಡು ಎದ್ದರು. "ನಿಮ್ಮಣ್ಣನಿಗೆ ಫೋನ್ ಮಾಡು. ಅವನ ಮಗಳು ಪುಸ್ತಕ ಕಂಡ್ರೆ ಓಡ್ತಾಳೆ ಅಂತ ಬೈತಿರ್ತಾನೆ. ಮೊದಲು ಕಣ್ಣು ತೋರಿಸು ಅಂತ ಹೇಳು. ಕನ್ನಡಕ ತರೋಕೆ ನಾಳೆ ನಾನೂ ಬರ್ತೀನಿ."

ಕನ್ನಡಕ ಒಗ್ಗಲು ಕೆಲವು ದಿನ ಹಿಡಿಯಿತು. ಮೊದಮೊದಲು ನೆಲ ಎದ್ದು ಬಂದಂತಾಗುತ್ತಿತ್ತು. ಆಮೇಲೆ ತಲೆನೋವು ಬಿಟ್ಟಿತು. ನರ್ಸ್ ಬಂದು ಕೂತಾಗ ಹುಬ್ಬಿನ ಒಂದೊಂದು ಕೂದಲೂ ಬೇರೆಬೇರೆಯಾಗಿ ಕಂಡಿತು. ಸಿಸ್ಟರ್ 'ಅಯ್ಯೋ' ಅನ್ನಲಿಲ್ಲ. ಹೋದವರೆಲ್ಲ ತಿರುಗಿ ಬಂದರು ಅಂತ ಹೇಳಿದರೆ ಸುಳ್ಳಾಗುತ್ತದೆ. ಆ ಮದುವೆ ಹುಡುಗಿ ಇವತ್ತಿಗೂ ಇತ್ತ ಕಾಲಿಟ್ಟಿಲ್ಲ. ಆದರೆ ಅಂಗಡಿಯ ನೆಲದ ಮೇಲೆ ಈಗ ಗುಡಿಸಲು ಕೂದಲಿರುತ್ತದೆ. ಅಣ್ಣನ ಮಗಳಿಗೂ ಪುಟ್ಟ ಕನ್ನಡಕ ಬಂದಿದೆ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ಹತ್ತಿರದ ಕೆಲಸ ಮಾಡುವಾಗ ಮಂಜಾಗುತ್ತದೆಯೇ? ಓದಿದ ಮೇಲೆ ತಲೆ ನೋಯುತ್ತದೆಯೇ, ಕಣ್ಣು ಉರಿಯುತ್ತದೆಯೇ? ದೂರದ್ದು ಕಾಣುತ್ತದಲ್ಲ ಅಂತ ಸುಮ್ಮನಿರಬೇಡಿ. ಬೀದಿಬದಿಯ ಸಿದ್ಧ ಕನ್ನಡಕ ಏರಿಸಿಕೊಂಡು ಮುಗಿಯಿತು ಅನ್ನಬೇಡಿ, ಕಣ್ಣಿನ ಡಾಕ್ಟರಿಗೆ ತೋರಿಸಿ. ಓದಲು ಹಿಂಜರಿಯುವ ಮಗುವನ್ನು ಸೋಮಾರಿ ಅನ್ನುವ ಮೊದಲು ಅದರ ಕಣ್ಣು ಪರೀಕ್ಷೆ ಮಾಡಿಸಿ. ಹನಿ ಹಾಕಿದ ಮೇಲೆ ಸ್ವಲ್ಪ ಹೊತ್ತು ಏನೂ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ನಿಮ್ಮ ಮನೆಯವರನ್ನು ಒಬ್ಬರನ್ನೇ ಕಳಿಸಬೇಡಿ. ಜೊತೆಗೆ ಹೋಗಿ, ಪಕ್ಕದಲ್ಲಿ ಕೂತಿರಿ.